ಪ್ರಯೋಗಶಾಲೆಯಿಂದ ಆಕಾಶದವರೆಗೆ: ಪ್ರೊ. ಎಂ. ವಿ. ಗೋಪಾಲಸ್ವಾಮಿ

ಗೋಲಗುಮ್ಮಟದ ಮೇಲಿನ ಸುತ್ತುಗ್ಯಾಲರಿಯಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕುಳಿತವರಿಗೆ ಆ ಮಾತು ಸ್ಪಷ್ಟವಾಗಿ ಕೇಳುತ್ತದೆ. ವಿಜಯಪುರದ ಮಕ್ಕಳು ಒಮ್ಮೆಯಾದರೂ ಆಡಿರುವ ಆಟವಿದು. ಪಿಸುಮಾತಿಗೆ ತನ್ನಷ್ಟಕ್ಕೆ ತಾನೇ ಅಷ್ಟು ದೂರ ಹೋಗುವ ಶಕ್ತಿಯಿಲ್ಲ. ಅದನ್ನು ಹೊತ್ತೊಯ್ಯುವಂತೆ ಗುಮ್ಮಟವನ್ನು ಕಟ್ಟಿದವರಿದ್ದರು ಎಂಬುದರಿಂದಲೇ ಅದು ದೂರ ಹೋಗುತ್ತದೆ. ವಿದ್ಯೆಯ ವಿಷಯವೂ ಹೀಗೆಯೇ. ಒಬ್ಬ ಅಧ್ಯಾಪಕನ ತಲೆಯೊಳಗಿನ ಜ್ಞಾನ ಎಷ್ಟೇ ದೊಡ್ಡದಿರಲಿ, ಅದನ್ನು ಮುಂದಿನ ಪೀಳಿಗೆಗೆ ಮುಟ್ಟಿಸುವ ವ್ಯವಸ್ಥೆಯನ್ನು ಯಾರಾದರೂ ಕಟ್ಟದಿದ್ದರೆ ಅದು ಅಲ್ಲಿಯೇ ಉಳಿದುಬಿಡುತ್ತದೆ.

ಅಂತಹ ಎರಡು ವ್ಯವಸ್ಥೆಗಳನ್ನು ಕನ್ನಡ ನಾಡಿನಲ್ಲಿ ಕಟ್ಟಿಕೊಟ್ಟ ಹಿರಿಯರು ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು. ಒಂದು, ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗ. ಇನ್ನೊಂದು, ಆಕಾಶವಾಣಿ. ರೇಡಿಯೋದ ಕಾರಣದಿಂದ ಅವರ ಹೆಸರು ಇಂದಿಗೂ ಆಗಾಗ ಕೇಳಿಬರುತ್ತದೆ. ಆದರೆ ಅವರ ಜೀವನದ ವೃತ್ತಿ ರೇಡಿಯೋ ಆಗಿರಲಿಲ್ಲ. ಅವರು ಮನೋವಿಜ್ಞಾನದ ಅಧ್ಯಾಪಕರಾಗಿದ್ದರು, ಸಂಶೋಧಕರಾಗಿದ್ದರು. ನಮ್ಮ ವಿದ್ಯಾರ್ಥಿಗಳಿಗೆ ಅವರ ಈ ಮುಖದ ಪರಿಚಯವಾಗಬೇಕೆಂಬುದೇ ಈ ಲೇಖನದ ಉದ್ದೇಶ.

ಒಂದು ಹೊಸ ಶಾಸ್ತ್ರ

ಮನಸ್ಸಿನ ಬಗ್ಗೆ ಚಿಂತನೆ ಹೊಸದೇನಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ ಬದುಕಿದ್ದ ಅಬೂ ಜೈದ್ ಅಲ್ ಬಲ್ಖಿಯವರು ದೇಹ ಮತ್ತು ಆತ್ಮಗಳ ಆರೋಗ್ಯವನ್ನು ಒಟ್ಟಿಗೆ ಚರ್ಚಿಸುವ ಗ್ರಂಥವನ್ನೇ ಬರೆದಿದ್ದರು. ಅವರ ನಂತರ ಇಬ್ನ್ ಸೀನಾ ಅವರು ತಮ್ಮ ಶಿಫಾ ಎಂಬ ಮಹಾಗ್ರಂಥದಲ್ಲಿ ನಫ್ಸ್ ಕುರಿತು ಒಂದು ಇಡೀ ಭಾಗವನ್ನು ಮೀಸಲಿಟ್ಟರು. ಆದರೆ ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಅಳತೆಮಾಡಿ ನೋಡುವ ಪದ್ಧತಿ 1879ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ ಅವರು ಸ್ಥಾಪಿಸಿದ ಪ್ರಯೋಗಶಾಲೆಯೊಂದಿಗೆ ಬೇರುಬಿಟ್ಟಿತು.

ಭಾರತಕ್ಕೆ ಅದು ಬಂದದ್ದು ಕಲ್ಕತ್ತೆಯ ಮೂಲಕ. 1905ರಲ್ಲಿ ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್ ಅವರು ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕಾಗಿ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮವನ್ನು ರೂಪಿಸಿದರು. 1916ರಲ್ಲಿ ಅಲ್ಲಿ ದೇಶದ ಮೊದಲ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದೇ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದೇ ಬ್ರಜೇಂದ್ರನಾಥ ಸೀಲ್ ಅವರು ಮೈಸೂರಿಗೆ ಕುಲಪತಿಗಳಾಗಿ ಬಂದರು. ಹೊಸ ಶಾಸ್ತ್ರದ ಬೆಲೆ ತಿಳಿದ ಕುಲಪತಿ ಮೈಸೂರಿನಲ್ಲಿದ್ದ ಕಾಲಕ್ಕೇ, ಅದನ್ನು ಕಲಿಸಬಲ್ಲ ತರುಣ ಅಧ್ಯಾಪಕ ಲಂಡನ್ನಿನಲ್ಲಿ ಸಿದ್ಧರಾಗುತ್ತಿದ್ದರು.

ಲಂಡನ್ನಿನ ಗುರು

ಗೋಪಾಲಸ್ವಾಮಿಯವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರಾಗಿದ್ದರು. ಆ ಗುರುವಿನ ಕಥೆಯೂ ವಿದ್ಯಾರ್ಥಿಗಳು ತಿಳಿಯತಕ್ಕದ್ದೇ. ಸ್ಪಿಯರ್‌ಮನ್ ಮೊದಲು ಬ್ರಿಟಿಷ್ ಸೈನ್ಯದ ಅಧಿಕಾರಿಯಾಗಿದ್ದು ಬರ್ಮಾದಲ್ಲಿ ಸೇವೆ ಸಲ್ಲಿಸಿದವರು. 1897ರಲ್ಲಿ, ತಮ್ಮ 34ನೆಯ ವಯಸ್ಸಿನಲ್ಲಿ, ಸೈನ್ಯವನ್ನು ಬಿಟ್ಟು ವುಂಟ್ ಅವರ ಬಳಿ ವಿದ್ಯಾರ್ಥಿಯಾಗಿ ಸೇರಿದರು. ವಯಸ್ಸು ಮೀರಿತೆಂದು ಓದನ್ನು ಕೈಬಿಡುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

1904ರಲ್ಲಿ ಸ್ಪಿಯರ್‌ಮನ್ ಪ್ರಕಟಿಸಿದ ಲೇಖನವೊಂದು ಬುದ್ಧಿಶಕ್ತಿಯ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಶಾಲಾಮಕ್ಕಳ ಅಂಕಗಳನ್ನು ಪರಿಶೀಲಿಸಿದಾಗ, ಪ್ರಾಚೀನ ಭಾಷೆಗಳಲ್ಲಿ ಮುಂದಿರುವ ಮಕ್ಕಳು ಸಾಮಾನ್ಯವಾಗಿ ಗಣಿತದಲ್ಲಿಯೂ ಫ್ರೆಂಚ್‌ನಲ್ಲಿಯೂ ಮುಂದಿರುವುದು ಕಂಡುಬಂದಿತು. ಸ್ವರಗಳ ಏರಿಳಿತವನ್ನು ಗುರುತಿಸುವ ಪರೀಕ್ಷೆಯಲ್ಲಿಯೂ ಹೆಚ್ಚುಕಡಿಮೆ ಅದೇ ಒಲವು ಕಂಡಿತು. ಇದರಿಂದ ಅವರು ಎಲ್ಲ ಕೆಲಸಗಳ ಹಿಂದೆಯೂ ಒಂದು ಸಾಮಾನ್ಯ ಸಾಮರ್ಥ್ಯವಿದೆ, ಅದರ ಜೊತೆಗೆ ಪ್ರತಿಯೊಂದು ಕೆಲಸಕ್ಕೂ ತನ್ನದೇ ಆದ ವಿಶೇಷ ಸಾಮರ್ಥ್ಯವಿದೆ ಎಂಬ ಸಿದ್ಧಾಂತವನ್ನು ಮಂಡಿಸಿದರು. ಈ ಸಿದ್ಧಾಂತವನ್ನು ಒಪ್ಪುವವರೂ ವಿರೋಧಿಸುವವರೂ ಇಂದಿಗೂ ಇದ್ದಾರೆ. ಆದರೆ ಊಹೆಯನ್ನು ಬಿಟ್ಟು ಲೆಕ್ಕದ ಮೂಲಕ ಮನಸ್ಸನ್ನು ಅರಿಯಬೇಕೆಂಬ ಅವರ ಹಟವನ್ನು ಯಾರೂ ಅಲ್ಲಗಳೆದಿಲ್ಲ.

ಗೋಪಾಲಸ್ವಾಮಿಯವರು ಈ ಗುರುವಿನ ನೆರಳಿನಲ್ಲಿ ಒಂದು ಸೂಕ್ಷ್ಮವಾದ ಪ್ರಶ್ನೆಯನ್ನು ಎತ್ತಿಕೊಂಡರು. ಓದುಬರಹದ ಕಲಿಕೆಯಲ್ಲಿ ಬುದ್ಧಿಶಕ್ತಿಗೆ ಪಾತ್ರವಿದೆ ಎಂಬುದು ಸರಿ. ಆದರೆ ಕೈಕೆಲಸದ ಕಲಿಕೆಯಲ್ಲಿ? ನೇಕಾರನ ಕೈ, ಬಡಗಿಯ ಕೈ, ಅಕ್ಷರ ತಿದ್ದುವ ಮಗುವಿನ ಕೈ ಪಳಗುವುದು ಬರಿಯ ಅಭ್ಯಾಸದಿಂದಲೋ, ಅಥವಾ ಅಲ್ಲಿಯೂ ಬುದ್ಧಿ ಕೆಲಸ ಮಾಡುತ್ತದೆಯೋ? ಚಲನಾತ್ಮಕ ಕಲಿಕೆಯಲ್ಲಿ ಬುದ್ಧಿಶಕ್ತಿಯ ಪಾತ್ರವನ್ನು ಕುರಿತ ಅವರ ಸಂಶೋಧನಾ ಲೇಖನ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಪ್ರಕಟವಾಯಿತು. ಒಬ್ಬ ಭಾರತೀಯ ತರುಣ ಆ ವಿಷಯದ ಪ್ರತಿಷ್ಠಿತ ಪತ್ರಿಕೆಯಲ್ಲಿ ಬರೆದುದು ಸಣ್ಣ ಸಂಗತಿಯಲ್ಲ. ದುಡಿಯುವ ಕೈಗಳ ಮನೆಗಳಿಂದ ಬಂದ ನಮ್ಮ ಅನೇಕ ವಿದ್ಯಾರ್ಥಿಗಳು ಆ ಪ್ರಶ್ನೆಯ ಘನತೆಯನ್ನು ಬೇಗ ಅರಿಯಬಲ್ಲರು.

ಮೈಸೂರಿನ ವಿಭಾಗ

ಅದೇ 1924ರಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಕಲ್ಕತ್ತೆಯ ನಂತರ ಇದು ದೇಶದಲ್ಲಿಯೇ ಎರಡನೆಯದು. ಅದರ ಹೊಣೆ ಗೋಪಾಲಸ್ವಾಮಿಯವರ ಹೆಗಲಿಗೆ ಬಂದಿತು. ಮಹಾರಾಜ ಕಾಲೇಜು ಅವರ ಕಾರ್ಯಕ್ಷೇತ್ರವಾಯಿತು. ಮುಂದೆ ಅವರು ಆ ಕಾಲೇಜಿನ ಪ್ರಾಂಶುಪಾಲರೂ ಆದರು.

ಆ ಕಾಲದ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಮನೋವಿಜ್ಞಾನವೆಂದರೆ ತತ್ತ್ವಶಾಸ್ತ್ರದ ಒಂದು ಅಧ್ಯಾಯ ಎಂದು ತಿಳಿದವರೇ ಹೆಚ್ಚು. ಕಲಾ ವಿಭಾಗದ ವಿಷಯಕ್ಕೆ ಪ್ರಯೋಗಶಾಲೆ ಏಕೆ ಬೇಕೆಂದು ಕೇಳುವವರಿಗೆ ಬರವಿರಲಿಲ್ಲ. ಅಂತಹ ಕಾಲದಲ್ಲಿ ಅವರು ಬ್ರಿಟನ್ನಿನ ಮಾನಸಿಕ ಮಾಪನದ ಪರಂಪರೆಯನ್ನು ಮೈಸೂರಿಗೆ ತಂದರು. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದಿಸುವ ಕೆಲಸಕ್ಕೆ ಕೈಹಾಕಿದರು. ವಿದ್ಯಾರ್ಥಿಗಳು ಪುಸ್ತಕವನ್ನು ಬಾಯಿಪಾಠ ಮಾಡುವುದರ ಬದಲು ಒಬ್ಬರ ಮೇಲೊಬ್ಬರು ಪ್ರಯೋಗ ನಡೆಸಿ, ಫಲಿತಾಂಶವನ್ನು ಬರೆದು, ಲೆಕ್ಕಹಾಕಿ ತೀರ್ಮಾನಕ್ಕೆ ಬರುವುದೇ ಈ ಶಾಸ್ತ್ರದ ಕ್ರಮ. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಪ್ರಯೋಗವನ್ನು ಮನೋವಿಜ್ಞಾನದ ವಿದ್ಯಾರ್ಥಿಗಳೆಲ್ಲ ಬಲ್ಲರು. ಮೊದಲ ಸಲ ಕೈ ತಪ್ಪು ದಿಕ್ಕಿಗೇ ಓಡುತ್ತದೆ. ಹತ್ತನೆಯ ಸಲಕ್ಕೆ ಗೆರೆ ಹಿಡಿತಕ್ಕೆ ಸಿಗುತ್ತದೆ. ಕಲಿಕೆ ಎಂದರೇನು ಎಂಬುದನ್ನು ಹತ್ತು ಪುಟದ ಟಿಪ್ಪಣಿಗಿಂತ ಆ ಹತ್ತು ನಕ್ಷತ್ರಗಳು ಚೆನ್ನಾಗಿ ತೋರಿಸುತ್ತವೆ.

ವಿಶ್ವವಿದ್ಯಾನಿಲಯದ ಅಧ್ಯಾಪಕನಿಗೆ ಎರಡು ಕೆಲಸಗಳಿವೆ. ತಿಳಿದುದನ್ನು ಕಲಿಸುವುದು ಒಂದು, ತಿಳಿಯದುದನ್ನು ಹುಡುಕುವುದು ಇನ್ನೊಂದು. ಎರಡನ್ನೂ ನಡೆಸುವ ಸ್ಥಳವೇ ವಿಭಾಗ. ಅದು ಒಮ್ಮೆ ಗಟ್ಟಿಯಾಗಿ ನಿಂತರೆ ಅದರ ಫಲ ಬಹುಕಾಲ ದೊರೆಯುತ್ತದೆ. ಮೈಸೂರಿನ ಇದೇ ವಿಭಾಗದಲ್ಲಿ ಮುಂದೆ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರು ಕುಟುಂಬದ ಯಜಮಾನನ ವಿದ್ಯೆ, ಉದ್ಯೋಗ ಮತ್ತು ಮನೆಯ ಆದಾಯಗಳ ಆಧಾರದ ಮೇಲೆ ರೂಪಿಸಿದ ಸಾಮಾಜಿಕ-ಆರ್ಥಿಕ ಮಾಪನವನ್ನು ದೇಶದ ವೈದ್ಯಕೀಯ ವಿದ್ಯಾರ್ಥಿಗಳು ನಗರ ಪ್ರದೇಶದ ಸಮೀಕ್ಷೆಗಳಲ್ಲಿ ಇಂದಿಗೂ ಬಳಸುತ್ತಾರೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಒಳ್ಳೆಯದು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು, ಅಂದರೆ ಇಂದಿನ ನಿಮ್ಹಾನ್ಸ್‌ನ ಪೂರ್ವಸಂಸ್ಥೆಯನ್ನು, ಮುನ್ನಡೆಸಿದವರು ಡಾ. ಎಂ. ವಿ. ಗೋವಿಂದಸ್ವಾಮಿ ಎಂಬ ಮನೋವೈದ್ಯರು. ಹೆಸರಿನ ಹೋಲಿಕೆಯಿಂದ ಇವರಿಬ್ಬರನ್ನು ಒಬ್ಬರೇ ಎಂದು ತಿಳಿಯುವವರುಂಟು. ಗೋವಿಂದಸ್ವಾಮಿಯವರು ರೋಗಿಯ ಚಿಕಿತ್ಸೆಯ ಹಾದಿಯವರು, ಗೋಪಾಲಸ್ವಾಮಿಯವರು ಅಧ್ಯಾಪನ ಮತ್ತು ಪ್ರಯೋಗದ ಹಾದಿಯವರು. ಕನ್ನಡ ನಾಡಿನ ಮನೋವಿಜ್ಞಾನಕ್ಕೆ ಇಬ್ಬರೂ ಬೇಕಾದವರು.

ಮನೆಯಂಗಳದಿಂದ ಹೊರಟ ವಾಣಿ

1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಮೊದಲಿಗೆ ಇದ್ದುದು 30 ವ್ಯಾಟ್‌ಗಳ ಪುಟ್ಟ ಪ್ರೇಷಕ. ಮನೆಯ ವಿದ್ಯುದ್ದೀಪವೊಂದು ಬಳಸುವಷ್ಟು ಶಕ್ತಿ! ನಂತರ 250 ವ್ಯಾಟ್‌ಗಳ ಪ್ರೇಷಕ ಬಂದಿತು. ಇದರ ಹಿಂದೆ ಸರ್ಕಾರವಿರಲಿಲ್ಲ. ಕಾಲೇಜಿನ ಪಾಠ ಮುಗಿಸಿ ಬಂದ ಒಬ್ಬ ಮೇಷ್ಟರ ಆಸಕ್ತಿ, ಅವರ ಸ್ವಂತ ಹಣ ಮತ್ತು ಗೆಳೆಯರ ನೆರವು ಇದ್ದವು. ಸಾಹಿತಿ ನಾ. ಕಸ್ತೂರಿಯವರು ಈ ಕೆಲಸದಲ್ಲಿ ಅವರ ಬಲಗೈಯಾಗಿದ್ದರು.

ಅವರು ತಮ್ಮ ಕೇಂದ್ರಕ್ಕೆ ಇಟ್ಟ ಹೆಸರೇ ಆಕಾಶವಾಣಿ. ದೆಹಲಿಯ ಸರ್ಕಾರಿ ಪ್ರಸಾರ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು 1936ರ ಜೂನ್‌ನಲ್ಲಿ, ಎಂದರೆ ಮೈಸೂರಿನ ಆಕಾಶವಾಣಿಗಿಂತ ಒಂಬತ್ತು ತಿಂಗಳು ತಡವಾಗಿ. ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ, ಇಡೀ ದೇಶದ ಬಾನುಲಿ ಸಂಸ್ಥೆಯೇ ಆಕಾಶವಾಣಿ ಎಂಬ ಹೆಸರನ್ನು ತನ್ನದಾಗಿಸಿಕೊಂಡಿತು.

ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗಿನ ಅವರ ಆಡಳಿತದಲ್ಲಿ ಕೈಗಾರಿಕೆ, ನಗರ ನಿರ್ಮಾಣ, ವಿದ್ಯೆ ಎಲ್ಲಕ್ಕೂ ಒಂದು ಉತ್ಸಾಹದ ವಾತಾವರಣವಿತ್ತು. ಅಂತಹ ವಾತಾವರಣದಲ್ಲಿ ಒಬ್ಬ ಪ್ರಾಧ್ಯಾಪಕನ ಮನೆಯ ಪ್ರಯತ್ನವೂ ಬದುಕಿ ಬೆಳೆಯಿತು. ಖರ್ಚು ಒಬ್ಬರ ಕೈಮೀರಿದಾಗ ನಗರಸಭೆಯ ನೆರವು ದೊರೆಯಿತು. 1942ರ ಆರಂಭದಲ್ಲಿ ಮೈಸೂರು ಸಂಸ್ಥಾನವೇ ಕೇಂದ್ರವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಕೇಂದ್ರ ಸರ್ಕಾರಕ್ಕೆ ಸೇರಿ, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಮನೋವಿಜ್ಞಾನಿಗೂ ರೇಡಿಯೋಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಗಮನ, ನೆನಪು, ಶ್ರವಣ, ಕಲಿಕೆ ಇವೇ ಅವರ ಶಾಸ್ತ್ರದ ವಸ್ತುಗಳು. ಓದು ಬಾರದವನಿಗೂ ಕಿವಿಯಿದೆ. ಕಾಲೇಜಿನ ಕೋಣೆಯಲ್ಲಿ ಕೆಲವರಿಗೆ ಮಾತ್ರ ಕೇಳುವ ಮಾತನ್ನು ಊರಿಗೇ ಕೇಳಿಸಬಹುದೆಂದು ಅಧ್ಯಾಪಕನಾದವನಿಗೆ ಹೊಳೆದರೆ ಆಶ್ಚರ್ಯವೇನಿಲ್ಲ. ಅವರ ವಿಶೇಷವೆಂದರೆ, ಹೊಳೆದುದನ್ನು ಭಾಷಣದಲ್ಲಿ ಹೇಳಿ ಮರೆಯದೆ ಮನೆಯ ಮೇಲೆ ತಂತಿ ಕಟ್ಟಿಸಿ ತೋರಿಸಿದ್ದು.

ನಮ್ಮ ಭಾಗದ ಮಾತು

ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಪಾಠಮಾಡುತ್ತಿದ್ದ ಕಾಲದಲ್ಲಿ ನಮ್ಮ ವಿಜಯಪುರ ಬಿಜಾಪುರ ಎಂಬ ಹೆಸರಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ನಮಗೆ ಬೇರೆ ರಾಜ್ಯ. ಆದರೆ ಅದೇ ಕಾಲದಲ್ಲಿ ನಮ್ಮ ಮುಂಬಯಿ-ಕರ್ನಾಟಕದಲ್ಲಿಯೂ ಇದೇ ದಿಕ್ಕಿನ ಕೆಲಸವೊಂದು ನಡೆಯುತ್ತಿತ್ತು. ವಿ. ವಿ. ಕಾಮತ್ ಅವರು ಫ್ರಾನ್ಸಿನ ಬಿನೆ ಅವರ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ, 1934ರಲ್ಲಿ ಅದರ ವಿವರವನ್ನು ಬ್ರಿಟನ್ನಿನ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಿದರು. 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿಮಾಪನದ ಕುರಿತ ಅವರ ಇಂಗ್ಲಿಷ್ ಪುಸ್ತಕ ಹೊರಬಂದಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ದಶಕಗಳ ಕಾಲ ದೇಶದ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿ ಉಳಿಯಿತು.

ಇಂತಹ ಹೊಂದಾಣಿಕೆ ಏಕೆ ಬೇಕು? ಟಿಕೋಟಾ ಅಥವಾ ಬಬಲೇಶ್ವರದ ಒಂದು ಮಗುವನ್ನು ನೆನೆಯಿರಿ. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಜವಾರಿ ಕನ್ನಡ, ಶಾಲೆಯ ಪುಸ್ತಕದಲ್ಲಿ ಮತ್ತೊಂದು ಕನ್ನಡ, ಈಗ ಅದರ ಮೇಲೆ ಇಂಗ್ಲಿಷ್. ಆ ಮಗುವಿಗೆ ಬೇರೆ ದೇಶದ ಮಕ್ಕಳಿಗಾಗಿ ಮಾಡಿದ ಪ್ರಶ್ನೆಯನ್ನು ಪರಭಾಷೆಯಲ್ಲಿ ಕೇಳಿ, ಉತ್ತರ ಬರದಿದ್ದರೆ ದಡ್ಡನೆಂದು ಬರೆದುಬಿಟ್ಟರೆ ತಪ್ಪು ಮಗುವಿನದಲ್ಲ, ಅಳತೆಗೋಲಿನದು. ದ್ರಾಕ್ಷಿ ಪಡಗಿನ ಸಾಲುಗಳನ್ನು ಬಾಯಲ್ಲೇ ಲೆಕ್ಕಹಾಕುವ ಹುಡುಗ ಕಾಗದದ ಮೇಲಿನ ಲೆಕ್ಕದಲ್ಲಿ ಎಡವುವುದನ್ನು ನಮ್ಮ ಶಿಕ್ಷಕರು ಕಂಡಿದ್ದಾರೆ. ಅಳತೆಗೋಲನ್ನು ಸರಿಪಡಿಸಬೇಕಾದರೆ ಆ ಮಗುವಿನ ಭಾಷೆ, ಮನೆ, ಹಬ್ಬ, ಹೊಲ ಎಲ್ಲವನ್ನೂ ಒಳಗಿನಿಂದ ಬಲ್ಲ ಸಂಶೋಧಕರು ಬೇಕು. ಅವರು ಹೊರಗಿನಿಂದ ಬರುವುದಿಲ್ಲ, ನಮ್ಮ ಮನೆಗಳಿಂದಲೇ ಬರಬೇಕು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಮನಸ್ಸಿನ ಕಾಯಿಲೆಯನ್ನು ನಮ್ಮಲ್ಲಿ ಇಂದಿಗೂ ಮುಚ್ಚಿಡುತ್ತಾರೆ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ತಾಯಂದಿರು ವರ್ಷಗಟ್ಟಲೆ ಬಾಯಿಬಿಡುವುದಿಲ್ಲ. ದುಆ ಮಾಡುವುದು ನಮ್ಮ ನಂಬಿಕೆ. ಅದರೊಂದಿಗೆ ಔಷಧೋಪಚಾರ ಪಡೆಯುವುದು ನಮ್ಮ ಪರಂಪರೆಗೆ ವಿರುದ್ಧವಲ್ಲ. ಮೇಲೆ ಹೆಸರಿಸಿದ ಅಲ್ ಬಲ್ಖಿಯವರೂ ಇಬ್ನ್ ಸೀನಾ ಅವರೂ ಆ ಪರಂಪರೆಯ ಹಿರಿಯರೇ. ಈ ವಿಷಯವನ್ನು ತರಗತಿಯಲ್ಲಿ ಧೈರ್ಯವಾಗಿ ಕಲಿಸುವ ಅಧ್ಯಾಪಕರು ಹೆಚ್ಚಿದಷ್ಟೂ ಮನೆಗಳಲ್ಲಿನ ಮೌನ ಕಡಿಮೆಯಾಗುತ್ತದೆ.

ವಿದ್ಯಾರ್ಥಿಗಳಿಗೆ ಹಾದಿ

ಗೋಪಾಲಸ್ವಾಮಿಯವರು ಈ ಶಾಸ್ತ್ರವನ್ನು ಕಲಿಯಲು ಹಡಗು ಹತ್ತಿ ಲಂಡನ್ನಿಗೆ ಹೋಗಬೇಕಾಯಿತು. ಇಂದು ಅಷ್ಟು ದೂರ ಹೋಗಬೇಕಿಲ್ಲ. 2003ರಲ್ಲಿ ನಮ್ಮ ನಗರದಲ್ಲಿಯೇ ಮಹಿಳಾ ವಿಶ್ವವಿದ್ಯಾನಿಲಯ ಆರಂಭವಾಯಿತು. 2017ರಿಂದ ಅದು ಅಕ್ಕಮಹಾದೇವಿಯವರ ಹೆಸರನ್ನು ಹೊತ್ತಿದೆ. ಟಿಕೋಟಾದಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳಿಗೆ ತೊರವಿಯ ಅದರ ಆವರಣ ದಾರಿಯಲ್ಲಿಯೇ ಸಿಗುತ್ತದೆ. ವಿಶ್ವವಿದ್ಯಾನಿಲಯ ಎಂಬುದು ದೂರದ ಕನಸು ಎಂಬ ಮಾತಿಗೆ ಈಗ ಅರ್ಥವಿಲ್ಲ.

ಮನೋವಿಜ್ಞಾನದ ಅಧ್ಯಾಪಕರಾಗಬೇಕೆನ್ನುವವರು ಪದವಿಯ ನಂತರ ಆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕು. ಶೇಕಡಾ 55 ಅಂಕಗಳು ಬೇಕು. ಮೀಸಲಾತಿಗೆ ಒಳಪಟ್ಟವರಿಗೆ ಶೇಕಡಾ 50. ನಂತರ ಯುಜಿಸಿಯ ನೆಟ್ ಅಥವಾ ರಾಜ್ಯದ ಕೆ-ಸೆಟ್ ಪರೀಕ್ಷೆಯಲ್ಲಿ ಅರ್ಹತೆ ಗಳಿಸಬೇಕು. ನೆಟ್ ಪರೀಕ್ಷೆಯಲ್ಲಿ ಮೂರು ಗಂಟೆಗಳಲ್ಲಿ 150 ಪ್ರಶ್ನೆಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದರಲ್ಲಿ ಉನ್ನತ ಶ್ರೇಣಿ ಪಡೆದವರಿಗೆ ಕಿರಿಯ ಸಂಶೋಧನಾ ಫೆಲೋಶಿಪ್ ದೊರೆಯುತ್ತದೆ. 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಯೋಜನೆಯನ್ನು ನಿಲ್ಲಿಸಿರುವುದಾಗಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಆದ್ದರಿಂದ ನಮ್ಮ ಬಡ ವಿದ್ಯಾರ್ಥಿಗಳಿಗೆ ಈ ಪರೀಕ್ಷೆ ಇನ್ನೂ ಮುಖ್ಯವಾಗಿದೆ. ಪದವಿಯ ಮೊದಲ ವರ್ಷದಿಂದಲೇ ಅಂಕಿಅಂಶಶಾಸ್ತ್ರಕ್ಕೆ ಹೆದರದೆ, ಪ್ರಯೋಗದ ದಾಖಲೆಪುಸ್ತಕವನ್ನು ಇನ್ನೊಬ್ಬರಿಂದ ನಕಲುಮಾಡದೆ ಸ್ವತಃ ಬರೆಯುವ ಅಭ್ಯಾಸ ಮಾಡಿಕೊಂಡರೆ ಹಾದಿ ಅರ್ಧ ಸವೆದಂತೆಯೇ.

ಕೊನೆಯದಾಗಿ ಒಂದು ಮಾತು. ಗೋಪಾಲಸ್ವಾಮಿಯವರು ಗತಿಸಿ ಎಷ್ಟೋ ದಶಕಗಳಾದವು. ಅವರ 30 ವ್ಯಾಟ್‌ನ ಪ್ರೇಷಕ ಮೌನವಾಗಿಯೂ ಬಹುಕಾಲವಾಯಿತು. ಆದರೆ ಅವರು ಆರಂಭಿಸಿದ ವಿಭಾಗದಲ್ಲಿ ಇಂದಿಗೂ ಪಾಠ ನಡೆಯುತ್ತಿದೆ, ಅವರ ಕೇಂದ್ರದ ಹೆಸರು ಇಂದಿಗೂ ದೇಶದ ಕಿವಿಯಲ್ಲಿದೆ. ನಮ್ಮ ಸಂಸ್ಥೆಯ ಯಾವುದೋ ತರಗತಿಯಲ್ಲಿ ಇಂದು ಕುಳಿತಿರುವ ಟಿಕೋಟಾದ ಒಬ್ಬ ಹುಡುಗಿ ಅಥವಾ ಬಬಲೇಶ್ವರದ ಒಬ್ಬ ಹುಡುಗ ನಾಳೆ ನಮ್ಮ ಮಕ್ಕಳ ಮನಸ್ಸನ್ನು ನಮ್ಮ ಮಾತಿನಲ್ಲಿಯೇ ಅಳೆದು ಅರಿಯುವ ಪ್ರಾಧ್ಯಾಪಕರಾಗಲಿ. ಅಲ್ಲಾಹನು ಅವರ ಪರಿಶ್ರಮಕ್ಕೆ ಫಲ ನೀಡಲಿ ಎಂದು ಹಾರೈಸುತ್ತೇವೆ.